ಮೈನಸ್ 25536: ಅಕ್ಕನ ಮಗಳು ಮೊದಲ ಪ್ರೋಗ್ರಾಮಿಂಗ್ ಭಾಷೆ ಆರಿಸಿಕೊಂಡ ಪ್ರಕರಣ

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ಅಕ್ಕನ ಮಗಳು ನಮ್ಮ ಮನೆಗೆ ಬಂದಳು. ಎಳ್ಳು-ಬೆಲ್ಲದ ಡಬ್ಬಿ ಕೈಗಿಟ್ಟು, ಬ್ಯಾಗಿನಿಂದ ಒಂದು ಕರಪತ್ರ ತೆಗೆದಳು. ಯಾವುದೋ ಕೋಚಿಂಗ್ ಸೆಂಟರಿನ ಫುಲ್ ಸ್ಟ್ಯಾಕ್ ಕೋರ್ಸು, ಅಂದರೆ ವೆಬ್‌ಸೈಟಿನ ಕಾಣುವ ಭಾಗ, ಹಿಂದೆ ನಡೆಯುವ ಭಾಗ ಎರಡನ್ನೂ ಕಲಿಸುವುದು. ಆರು ತಿಂಗಳು, ಫೀಸು 65 ಸಾವಿರ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ರಿಯಾಕ್ಟ್, ಎಸ್‌ಕ್ಯೂಎಲ್, ಎಲ್ಲದರ ಹೆಸರೂ ಅದರಲ್ಲಿತ್ತು.

"ಚಿಕ್ಕಮ್ಮ, ಇದರಲ್ಲಿ ಯಾವುದು ಮೊದಲು ಕಲೀಬೇಕು? ದುಡ್ಡು ಕಟ್ಟೋ ಮುಂಚೆ ನಿಮ್ಮನ್ನ ಕೇಳೋಣ ಅಂತ ಬಂದೆ" ಅಂದಳು.

ನಾನು 18 ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ದಿನವೂ ಬರೆಯುವುದು ಜಾವಾ. ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಅವರಿಗೆಲ್ಲ ನಿಂತ ನಿಲುವಿನಲ್ಲೇ ಒಂದು ಹೆಸರು ಹೇಳಿ ಕಳಿಸಿದ್ದೇನೆ. ಅವರಲ್ಲಿ ಎಷ್ಟು ಜನ ಮುಂದುವರಿದರು ಅಂತ ಒಂದು ಸಲವೂ ವಿಚಾರಿಸಲಿಲ್ಲ. ಇವಳ ವಿಷಯದಲ್ಲಿ ಹಾಗೆ ಮಾಡೋದು ಬೇಡ ಅನ್ನಿಸಿತು. "ಫೀಸು ಈಗಲೇ ಕಟ್ಟಬೇಡ. ಮೊದಲು ನೀನು, ನಾನು ಕೂತು ನೋಡೋಣ" ಅಂದೆ. ಆಮೇಲೆ ಒಂಬತ್ತು ತಿಂಗಳು ಏನೇನಾಯಿತು ಅನ್ನೋದೇ ಈ ಬರಹ.

ಅವಳ ಸ್ಥಿತಿ

ವಯಸ್ಸು 23. ಬಿ.ಕಾಂ. ಆಗಿದೆ. ಮನೆ ಬೆಂಗಳೂರಿನ ಶ್ರೀರಾಂಪುರ. ಬಿವಿಕೆ ಅಯ್ಯಂಗಾರ್ ರಸ್ತೆಯ ಒಂದು ಎಲೆಕ್ಟ್ರಿಕಲ್ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಆಯಿತು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಎಸ್‌ಪಿ ರೋಡಿನಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ವಾರದ ದಿನ ರಾತ್ರಿ ಒಂದು ಗಂಟೆ, ಭಾನುವಾರ ಅರ್ಧ ದಿನ ಬಿಡುವು ಸಿಗುತ್ತೆ. ಅಷ್ಟೇ.

ಸಲಹೆಗೆ ಮಾತ್ರ ಬರ ಇರಲಿಲ್ಲ. ಪಕ್ಕದ ಮನೆಯವರು ಜಾವಾ ಕಲಿ, ಬೆಂಗಳೂರಲ್ಲಿ ಕೆಲಸ ಅದಕ್ಕೇ ಜಾಸ್ತಿ ಅಂದಿದ್ದರು. ಇಂಜಿನಿಯರಿಂಗ್ ಓದುತ್ತಿರುವ ಕಸಿನ್, ಸಿ ಇಲ್ಲದೆ ಬುನಾದಿಯೇ ಇಲ್ಲ ಅಂದಿದ್ದ. ಅವಳ ತಮ್ಮ, ಈಗ ಯಾರೂ ಕೋಡ್ ಬರೆಯೋದೇ ಬೇಡ, ಚಾಟ್‌ಜಿಪಿಟಿ ಬರೆದುಕೊಡುತ್ತೆ ಅಂತ ಮಾತು ಮುಗಿಸಿದ್ದ. ಇವರೆಲ್ಲ ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಇವಳು ಈ ಮುಂಚೆ ಪ್ರೋಗ್ರಾಮಿಂಗ್ ಮುಟ್ಟಿದ್ದಳಾ, ಮುಟ್ಟಿದಾಗ ಏನಾಗಿತ್ತು ಅಂತ ಒಬ್ಬರೂ ಕೇಳಿರಲಿಲ್ಲ.

ಮುಟ್ಟಿದ್ದಳು. ಪಿಯುಸಿಯಲ್ಲಿ ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಳು. ಸಿ++ ಇತ್ತು. ಲ್ಯಾಬಿನಲ್ಲಿ ಟರ್ಬೊ ಸಿ++ ಅನ್ನುವ, ಸಿ++ ಬರೆದು ಓಡಿಸುವ ಹಳೇ ಸಾಫ್ಟ್‌ವೇರಿನ ಆ ನೀಲಿ ಪರದೆ. ಒಂದು ದಿನ ರೆಕಾರ್ಡಿನಲ್ಲಿದ್ದ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಮನ್ನು ಟೈಪ್ ಮಾಡಿ, 10 ಮತ್ತು 20ರ ಬದಲು ತನ್ನದೇ ಸಂಖ್ಯೆ ಹಾಕಿ ನೋಡೋಣ ಅಂತ 20000 ಮತ್ತು 20000 ಕೊಟ್ಟಳಂತೆ. ಉತ್ತರ ಮೈನಸ್ 25536.

ಮೂರು ಸಲ ಓಡಿಸಿದಳು. ಮೂರು ಸಲವೂ ಅದೇ. ಎರಡು ಧನ ಸಂಖ್ಯೆ ಕೂಡಿಸಿದರೆ ಮೈನಸ್ ಹೇಗೆ ಬರುತ್ತೆ ಅಂತ ಲೆಕ್ಚರರನ್ನ ಕೇಳಿದ್ದಕ್ಕೆ, "ರೆಕಾರ್ಡಲ್ಲಿ ಇರೋದನ್ನ ಹಾಕಮ್ಮ, ಸುಮ್ನೆ ಏನೇನೋ ಮಾಡಬೇಡ" ಅಂದರಂತೆ. ಅವತ್ತಿನಿಂದ ಪ್ರೋಗ್ರಾಮುಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿ ಪಾಸಾದಳು. "ಇದು ನನ್ನ ತಲೆಗೆ ಹತ್ತಲ್ಲ ಚಿಕ್ಕಮ್ಮ" ಅಂತ ಐದು ವರ್ಷದ ನಂತರ ನನ್ನೆದುರು ಕೂತು ಹೇಳುತ್ತಿದ್ದಾಳೆ. ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ನಿದ್ದೆ ಮಾಡದ ಹುಡುಗಿ ಇವಳು. ನನಗೆ ಹೊಟ್ಟೆ ಉರಿಯಿತು. ಅವಳು ಅವತ್ತು ಕೇಳಿದ್ದು ಇಡೀ ಕ್ಲಾಸಿನಲ್ಲೇ ಒಳ್ಳೇ ಪ್ರಶ್ನೆ.

ನನ್ನ ನಿರ್ಧಾರ ಅಲ್ಲೇ ಅರ್ಧ ಆಗಿಹೋಯಿತು. ಇವಳಿಗೆ ಬೇಕಾಗಿದ್ದು ತಪ್ಪಾದಾಗ ಬಾಯಿ ಬಿಟ್ಟು ಹೇಳುವ ಭಾಷೆ. ಎಲ್ಲಿ ತಪ್ಪಾಯಿತು, ಏನು ತಪ್ಪಾಯಿತು ಅಂತ ಅವಳೇ ಓದಿ ತಿಳಿಯುವಂತಿರಬೇಕು. ಯಾಕೆಂದರೆ ರಾತ್ರಿ ಹತ್ತು ಗಂಟೆಗೆ ಶ್ರೀರಾಂಪುರದ ಮನೆಯಲ್ಲಿ ಅವಳ ಪಕ್ಕ ಯಾರೂ ಕೂತಿರುವುದಿಲ್ಲ. ಪರದೆಯ ಮೇಲೆ ಬರುವ ಆ ನಾಲ್ಕು ಸಾಲೇ ಅವಳ ಮೇಷ್ಟ್ರು.

ಮೂರು ಸಂಜೆ, ಮೂರು ಭಾಷೆ

ಹೊಸಬರಿಗೆ ಭಾಷೆ ತೋರಿಸುವಾಗ ಸಾಮಾನ್ಯವಾಗಿ "ನೋಡು, ಎಷ್ಟು ಸುಲಭವಾಗಿ ಓಡುತ್ತೆ" ಅಂತ ತೋರಿಸುತ್ತೇವೆ. ನಾನು ತಿರುಗಿಸಿ ಮಾಡಿದೆ. ಬಿಲ್ಲಿನ ಮೊತ್ತಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಮೂರು ಭಾಷೆಯಲ್ಲಿ ನಾನೇ ಬರೆದಿಟ್ಟೆ. ಅವಳ ಕೆಲಸ ಅದನ್ನು ಕೆಡಿಸೋದು. "ಒಂದೊಂದೇ ಕೆಡಿಸು. ಒಂದಕ್ಷರ ಅಳಿಸು, ಒಂದು ಹೆಸರು ತಪ್ಪು ಬರಿ, ಆಮೇಲೆ ಏನು ಹೇಳುತ್ತೆ ಅಂತ ಓದು."

ಮೊದಲ ಸಂಜೆ ಸಿ++. ಮೊತ್ತ ಇಡುವ ಜಾಗದಲ್ಲಿ ಶುರುವಿಗೆ ಸೊನ್ನೆ ಹಾಕಿದ್ದನ್ನು ಅಳಿಸಿದಳು. ಪ್ರೋಗ್ರಾಮ್ ಓಡಿತು. ಯಾವುದೋ ದೊಡ್ಡ ಅರ್ಥವಿಲ್ಲದ ಸಂಖ್ಯೆ ಬಂತು. ತಪ್ಪು ಅಂತ ಯಾರೂ ಹೇಳಲಿಲ್ಲ. ಮೆಮೊರಿಯ ಆ ಜಾಗದಲ್ಲಿ ಮುಂಚೆ ಏನು ಬಿದ್ದಿತ್ತೋ ಅದರ ಮೇಲೇ ಕೂಡಿಸಿಕೊಂಡು ಹೋಗಿತ್ತು. ಅವಳ ಮುಖ ನೋಡಿದೆ. ಪಿಯುಸಿ ಲ್ಯಾಬಿನ ಮುಖ ಅದು.

ಎರಡನೇ ಸಂಜೆ ಜಾವಾಸ್ಕ್ರಿಪ್ಟ್. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕ್ರೋಮ್ ತೆಗೆದು ಎಫ್12 ಒತ್ತಿದರೆ ಸಾಕು. ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನದಲ್ಲಿ ಇದರ ಮೊದಲ ರೂಪ ಕಟ್ಟಿದ್ದು ಅಂದಾಗ ಅವಳಿಗೆ ಆಶ್ಚರ್ಯ. ಆದರೆ 250 ಅಂತ ಟೈಪ್ ಮಾಡಿ ಅದಕ್ಕೆ 45 ಸೇರಿಸಿದಾಗ 295 ಬರುವ ಕಡೆ 25045 ಬಂತು. ಟೈಪ್ ಮಾಡಿದ 250 ಅದಕ್ಕೆ ಬರೀ ಬರಹ. ಬರಹಕ್ಕೆ 45 ಅಂಟಿಸಿ ಕೊಟ್ಟಿತು. ಬಿಲ್ಲಿನ ಒಂದು ಕಾಲಂ ಹೆಸರು ತಪ್ಪು ಬರೆದಳು, ಆಗ ಉತ್ತರದ ಜಾಗದಲ್ಲಿ 'ಸಂಖ್ಯೆ ಅಲ್ಲ' ಅನ್ನುವ ಅರ್ಥದ ಮೂರಕ್ಷರ ಬಂತು. ತಪ್ಪು ಆಗಿದ್ದು ಒಂದು ಕಡೆ, ಅದು ಕಣ್ಣಿಗೆ ಬಿದ್ದಿದ್ದು ಇನ್ನೆಲ್ಲೋ. ಹುಡುಕೋಕೆ ಇಪ್ಪತ್ತು ನಿಮಿಷ ಹಿಡಿಯಿತು.

ಮೂರನೇ ಸಂಜೆ ಪೈಥಾನ್. ಅದೇ 250, ಅದೇ 45. ಪ್ರೋಗ್ರಾಮ್ ಅಲ್ಲೇ ನಿಂತಿತು. ಇಷ್ಟನೇ ಸಾಲು ಅಂತ ತೋರಿಸಿ, ಕೆಳಗೆ ಟೈಪ್ ಎರರ್ ಅಂತ ಹಾಕಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಯಿತು. ಅವಳು ಜೋರಾಗಿ ಓದಿದಳು. ಒಂದು ದೊಡ್ಡ ಪದ ಗೊತ್ತಿರಲಿಲ್ಲ, ಅದಕ್ಕೆ ಜೋಡಿಸೋದು ಅಂತ ಅರ್ಥ ಅಂದೆ. ಇನ್ನೊಂದು ಸಲ ಓದಿದಳು.

"ಬರಹಕ್ಕೆ ಬರಹವನ್ನೇ ಜೋಡಿಸಬಹುದು, ನಂಬರನ್ನಲ್ಲ ಅಂತಿದೆ. ಅಂದ್ರೆ ನಾನು ಟೈಪ್ ಮಾಡಿದ್ದನ್ನ ಇದು ನಂಬರ್ ಅಂದ್ಕೊಂಡೇ ಇಲ್ಲ, ಅಲ್ವಾ?"

ಅಲ್ವಾ ಅಂತ ಕೇಳಿದಳು, ನಿಜ. ಆದರೆ ಉತ್ತರಕ್ಕೆ ಕಾಯಲಿಲ್ಲ. ಅದನ್ನು ಸಂಖ್ಯೆ ಮಾಡೋದು ಹೇಗೆ ಅಂತ ಹುಡುಕಿ, ಸರಿಮಾಡಿ ಓಡಿಸಿದಳು. ಉತ್ತರ 295. ನಾನು ಕಾಯುತ್ತಿದ್ದಿದ್ದೇ ಆ ಘಳಿಗೆಗೆ.

ಪೈಥಾನ್ ಯಾವತ್ತೂ ಬಾಯಿ ಮುಚ್ಚಿಕೊಂಡಿರಲ್ಲ ಅಂತಲ್ಲ. ಆಮೇಲೆ ಅವಳು 250 ಮತ್ತು 45 ಎರಡನ್ನೂ ಟೈಪ್ ಮಾಡಿ ಕೂಡಿಸಿದಾಗ ಇಲ್ಲೂ 25045 ಬಂತು. ಆದರೆ ಅಷ್ಟು ಹೊತ್ತಿಗೆ ಯಾಕೆ ಅಂತ ಅವಳಿಗೇ ಗೊತ್ತಿತ್ತು.

ನನಗೆ ದಿನವೂ ಅನ್ನ ಹಾಕುವ ಜಾವಾವನ್ನು ಪರೀಕ್ಷೆಗೇ ಇಡಲಿಲ್ಲ. ತಪ್ಪು ಹಿಡಿಯುವುದರಲ್ಲಿ ಜಾವಾ ತುಂಬಾ ಗಟ್ಟಿ. ಆದರೆ ಒಂದು ಸಾಲು ಪರದೆಗೆ ತರೋಕೆ ಮೊದಲ ದಿನವೇ ಐದಾರು ಪದಗಳನ್ನು "ಈಗ ಹಾಗೇ ಬರಿ, ಆಮೇಲೆ ಹೇಳ್ತೀನಿ" ಅನ್ನಬೇಕಾಗುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಆ ಕಟ್ಟಳೆ ಸಡಿಲವಾಗಿದೆ, ಆದರೆ ಆಗ ಅದಿನ್ನೂ ಬಂದಿರಲಿಲ್ಲ. ಬಾಯಿಪಾಠದಿಂದ ನೊಂದವಳಿಗೆ ಮತ್ತೆ "ಹಾಗೇ ಬರಿ" ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಕೆಲಸದ ಮಾತಿಗೂ ನನ್ನ ಉತ್ತರ ಇಷ್ಟೇ: ಮೊದಲ ಭಾಷೆ ನಿಜವಾಗಿ ಬಂದವರಿಗೆ ಎರಡನೆಯದು ಕೆಲವೇ ತಿಂಗಳ ಕೆಲಸ. ಮೊದಲನೆಯದನ್ನೇ ಅರ್ಧಕ್ಕೆ ಬಿಟ್ಟವರಿಗೆ ಯಾವ ಭಾಷೆಯ ಬೇಡಿಕೆಯೂ ಪ್ರಯೋಜನಕ್ಕೆ ಬರಲ್ಲ.

ಇನ್ನೊಂದು ಮಾತು. ಪೈಥಾನಿನ ಒಂದು ಬೇರು ಪಾಠದ ಮನೆಯಲ್ಲಿದೆ. ಅದನ್ನು ಕಟ್ಟಿದ ಗೈಡೊ ವಾನ್ ರಾಸಮ್ ಅದಕ್ಕೆ ಮುಂಚೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಎಬಿಸಿ ಅನ್ನುವ, ಕಲಿಯುವವರಿಗಾಗಿ ಮಾಡಿದ ಭಾಷೆಯ ತಂಡದಲ್ಲಿದ್ದರು. ಅಲ್ಲಿಂದ ಕಲಿತದ್ದನ್ನು ಪೈಥಾನಿಗೆ ತಂದರು, 1991ರಲ್ಲಿ ಅದನ್ನು ಹೊರಗೆ ಬಿಟ್ಟರು.

ಕನ್ನಡದಲ್ಲೇ ಹೆಸರಿಟ್ಟಿದ್ದು

ಮೊದಲ ಎರಡು ವಾರ ಅವಳು ಕನ್ನಡದಲ್ಲೇ ಹೆಸರಿಟ್ಟು ಬರೆದಳು. 2008ರಲ್ಲಿ ಬಂದ ಪೈಥಾನ್ 3ರಿಂದ ಇದು ಆಗುತ್ತೆ. ಮೊತ್ತ = ಬೆಲೆ * 3 ಅಂತ ಬರೆದರೆ ಹಾಗೇ ಓಡುತ್ತೆ. ಭಾಷೆಯ ಸ್ವಂತ ಪದಗಳು ಇಂಗ್ಲಿಷಿನಲ್ಲೇ ಇರಬೇಕು, ನಾವು ಇಡುವ ಹೆಸರು ಮಾತ್ರ ಕನ್ನಡ. ಯಾವುದು ಪೈಥಾನಿನ ಪದ, ಯಾವುದು ತನ್ನದು ಅನ್ನೋದು ಅವಳಿಗೆ ಒಂದೇ ನೋಟಕ್ಕೆ ಬೇರೆ ಬೇರೆಯಾಗಿ ಕಾಣಿಸಿತು. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಸಿಗದ ಸೌಲಭ್ಯ ಇದು. ೪೦ ಅಂತ ಕನ್ನಡ ಅಂಕಿ ಟೈಪ್ ಮಾಡಿದರೂ ಸಂಖ್ಯೆಯಾಗಿ ಬದಲಾಯಿಸಿಕೊಂಡಿತು.

ಕನ್ನಡ ಅನ್ನುವ ಪದದ ಉದ್ದ ಎಷ್ಟು ಅಂತ ಕೇಳಿದಳು. ಮೂರು ಬರುತ್ತೆ ಅಂದುಕೊಂಡಿದ್ದಳು, ಐದು ಬಂತು. ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. ಒತ್ತಕ್ಷರ ಕಂಪ್ಯೂಟರಿನ ಒಳಗೆ ಮೂರು ತುಂಡು ಅಂತ ತಿಳಿದಿದ್ದು ಹಾಗೆ. ಒಂದು ದಿನ ಮಾತ್ರ ಕಷ್ಟವಾಯಿತು. ರ್ ಆದಮೇಲೆ ಅಕ್ಷರ ಬೇರೆ ನಿಲ್ಲಲಿ ಅಂತ ಕೀಬೋರ್ಡ್ ಹಾಕುವ ಕಾಣದ ಅಕ್ಷರವೊಂದು ಹೆಸರಿನೊಳಗೆ ಸೇರಿಕೊಂಡಿತ್ತು. ಕಣ್ಣಿಗೆ ಎಲ್ಲ ಸರಿ, ಪೈಥಾನ್ ಒಪ್ಪಲಿಲ್ಲ. ಕಾಣದ ಅಕ್ಷರ ಇದೆ ಅಂತ ಅದೇ ಹೇಳಿತು ಅನ್ನೋದು ನನಗೆ ಸಮಾಧಾನ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟಳು. ಎಡಗಡೆ ಎರರ್ ಹೆಸರು, ಬಲಗಡೆ ಅದು ಏನು ಹೇಳುತ್ತಿದೆ ಅಂತ ಅವಳ ಮಾತಲ್ಲಿ. ನೇಮ್ ಎರರ್ ಎದುರು "ಈ ಹೆಸರಿನವರು ಇಲ್ಲಿ ಯಾರೂ ಇಲ್ಲ" ಅಂತ. ಇಂಡೆಕ್ಸ್ ಎರರ್ ಎದುರು "ಹತ್ತು ಮನೆ ಇರೋ ಬೀದೀಲಿ ಹನ್ನೊಂದನೇ ಮನೆ ಕೇಳ್ತಿದೀಯ" ಅಂತ. ಎರರನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದು ಅಂತ ನಾನು ಹೇಳಿಕೊಟ್ಟೆ, ಪೈಥಾನಿನಲ್ಲಿ ಮುಖ್ಯ ಮಾತು ಕೊನೆಯಲ್ಲಿರುತ್ತೆ. ಆರು ತಿಂಗಳಿಗೆ ಆ ಪುಸ್ತಕದಲ್ಲಿ ತುಂಬಿದ್ದು ಒಂಬತ್ತೇ ಹೆಸರು. ಇಂಗ್ಲಿಷ್ ಬರಲ್ಲ ಅನ್ನುವ ಭಯಕ್ಕೆ ಆ ಒಂಬತ್ತು ಸಾಲು ಸಾಕಾಯಿತು.

ಅಂಗಡಿಯ ಕೆಲಸ

ಪ್ರತಿ ತಿಂಗಳು 11ನೇ ತಾರೀಕಿನೊಳಗೆ ಮಾರಾಟದ ವಿವರ ಕೊಡುವ ರಿಟರ್ನ್ ಜಿಎಸ್‌ಟಿಆರ್-1 ಹಾಕಬೇಕು. ಅದಕ್ಕೆ ಮುಂಚಿನ ಎರಡು ದಿನ ಅವಳು ಗಿರಾಕಿಗಳ ಜಿಎಸ್‌ಟಿ ನಂಬರ್ ಒಂದೊಂದನ್ನೇ ಕಣ್ಣಿಟ್ಟು ನೋಡುತ್ತಿದ್ದಳು. ಒಂದಕ್ಷರ ತಪ್ಪಿದರೆ ಗಿರಾಕಿಗೆ ಖರೀದಿಗೆ ಕೊಟ್ಟ ತೆರಿಗೆಯ ವಜಾ, ಅಂದರೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಫೋನ್ ಮಾಡಿ ಕೂಗಾಡುತ್ತಾರೆ. ಅದೇ ಅವಳ ಮೊದಲ ನಿಜವಾದ ಪ್ರೋಗ್ರಾಮ್ ಆಗಲಿ ಅಂದೆ.

ಆ ನಂಬರಿನ ಕಟ್ಟಡ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಕೊನೆಯದು ತಾಳೆ ನೋಡುವ ಅಕ್ಷರ. ತೊಡಕಾಗಿದ್ದು ಎಣಿಕೆಯಲ್ಲಿ. ಪೈಥಾನ್ ಸೊನ್ನೆಯಿಂದ ಎಣಿಸುತ್ತೆ. ಮೂರರಿಂದ ಹನ್ನೆರಡನೇ ಅಕ್ಷರ ಬೇಕಾದರೆ 2ರಿಂದ 12 ಅಂತ ಬರೆಯಬೇಕು. ನಾನು ಎರಡು ರೀತಿ ವಿವರಿಸಿದೆ, ಹತ್ತಲಿಲ್ಲ. ಮಾರನೇ ದಿನ ಅವಳೇ ಫೋನ್ ಮಾಡಿದಳು.

"ಚಿಕ್ಕಮ್ಮ, ನಮ್ಮ ವೈರ್ ಅಳೆಯೋ ಟೇಪ್ ಥರ ಅದು. ಮೊದಲನೇ ಮೀಟರ್ ಶುರುವಾಗೋದೇ ಸೊನ್ನೆ ಗೆರೆಯಿಂದ. ಪೈಥಾನ್ ಗೆರೆ ಎಣಿಸ್ತಿದೆ, ನಾನು ವೈರ್ ಎಣಿಸ್ತಿದ್ದೆ."

18 ವರ್ಷದಲ್ಲಿ ನಾನು ಕೇಳಿದ ಅತಿ ಒಳ್ಳೆಯ ವಿವರಣೆ ಅದು. ಈಗ ಆಫೀಸಿನ ಹೊಸಬರಿಗೂ ಹಾಗೇ ಹೇಳುತ್ತೇನೆ.

ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರಿನಿಂದ ತೆಗೆದ 312 ಗಿರಾಕಿಗಳ ಪಟ್ಟಿಯನ್ನು ಓಡಿಸಿದಾಗ 11 ಸಿಕ್ಕಿಬಿದ್ದವು. ಏಳರಲ್ಲಿ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು 16 ಅಕ್ಷರ ಆಗಿತ್ತು. ಮೂರರಲ್ಲಿ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ ಓ. ಒಂದರಲ್ಲಿ ಅಕ್ಷರವೇ ಬಿಟ್ಟುಹೋಗಿತ್ತು. ಎರಡು ದಿನದ ಕೆಲಸ ನಾಲ್ಕು ಸೆಕೆಂಡು.

ಎಡವಿದ ಜಾಗಗಳು

ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ 7. ಹೊಸ ಪೈಥಾನ್ ಅದರ ಮೇಲೆ ಕೂರಲಿಲ್ಲ. ವಿಂಡೋಸ್ 7ಕ್ಕೆ 3.8ನೇ ಆವೃತ್ತಿಯೇ ಕೊನೆ. ಅದನ್ನೇ ಹಾಕಿದೆವು. ಓಡಿತು, ಆದರೆ ಎರರ್ ಸಂದೇಶ ಮನೆಯಲ್ಲಿ ಬಂದಷ್ಟು ಚೆನ್ನಾಗಿ ಬರಲಿಲ್ಲ. ಹೆಸರು ತಪ್ಪಿದರೆ "ನೀನು ಹೇಳಿದ್ದು ಇದಾ?" ಅಂತ ಕೇಳುವ ಗುಣ ಬಂದಿದ್ದು 2021ರ 3.10ರಿಂದ. ಅಂಗಡಿಯಲ್ಲಿ ತಪ್ಪಾದರೆ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ರಾತ್ರಿ ಮನೆಯಲ್ಲಿ ಓಡಿಸಿ ನೋಡುತ್ತಿದ್ದಳು.

ಮಾರ್ಚಿನಲ್ಲಿ ವರ್ಷಾಂತ್ಯದ ಲೆಕ್ಕ, ಯುಗಾದಿ. ಮೂರು ವಾರ ಪೂರ್ತಿ ನಿಂತುಹೋಯಿತು. ನಾನು ಒತ್ತಾಯ ಮಾಡಲಿಲ್ಲ.

ದೊಡ್ಡ ತಪ್ಪು ನನ್ನದು. ಮೇ ತಿಂಗಳಲ್ಲಿ, ಇಷ್ಟು ಬಂತಲ್ಲ ಅಂತ ಪಾಂಡಾಸ್ ಅನ್ನುವ, ದೊಡ್ಡ ಪಟ್ಟಿಗಳ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಹಾಕಿಕೊಟ್ಟೆ. ಕೋಡ್ ಅರ್ಧಕ್ಕಿಳಿಯಿತು. ಆದರೆ ಒಂದು ಕಾಲಂ ಹೆಸರು ತಪ್ಪಿದ್ದಕ್ಕೆ ಪುಟ ತುಂಬಾ ಎರರ್ ಬಂತು, ಅವಳು ಯಾವತ್ತೂ ಬರೆಯದ ಫೈಲುಗಳ ಹೆಸರೇ ಅದರ ತುಂಬಾ. ಎರಡು ದಿನ ಲ್ಯಾಪ್‌ಟಾಪ್ ತೆಗೆಯಲಿಲ್ಲ. ಮತ್ತೆ ಆ "ತಲೆಗೆ ಹತ್ತಲ್ಲ" ಮಾತು ಬಂತು. ನಾನು ಯಾವ ಕಾರಣಕ್ಕೆ ಈ ಭಾಷೆ ಆರಿಸಿದ್ದೆನೋ ಅದನ್ನೇ ಕೈಯಾರೆ ಕೆಡಿಸಿದ್ದೆ. ಪಾಂಡಾಸ್ ತೆಗೆದು, ಪೈಥಾನಿನ ಜೊತೆಗೇ ಬರುವ, ಸರಳ ಪಟ್ಟಿಯ ಫೈಲು ಓದುವ ಸಿಎಸ್‌ವಿ ಮಾಡ್ಯೂಲಿಗೆ ವಾಪಸ್ ಬಂದೆವು.

ಜುಲೈನಲ್ಲಿ ಪೈಥಾನೇ ಕೈಕೊಟ್ಟಿತು. ತೆರಿಗೆಯನ್ನು ಕೇಂದ್ರ, ರಾಜ್ಯ ಅಂತ ಅರ್ಧರ್ಧ ಮಾಡುವಾಗ 5.35ರ ಅರ್ಧ 2.675. ಎರಡು ದಶಮಾಂಶಕ್ಕೆ ಇಳಿಸಿದರೆ 2.68 ಬರಬೇಕು, 2.67 ಬಂತು. ಎರರ್ ಇಲ್ಲ, ಏನೂ ಇಲ್ಲ. ಹಿಡಿದಿದ್ದು ಲೆಕ್ಕದಲ್ಲಿ ಪಳಗಿದ ಅವಳ ಕಣ್ಣು. ಕಂಪ್ಯೂಟರ್ 2.675 ಅನ್ನು ಸೊನ್ನೆ, ಒಂದು ಮಾತ್ರ ಇರುವ ಎರಡರ ಲೆಕ್ಕದಲ್ಲಿ ಇಡುವಾಗ ಅದು ಕೂದಲೆಳೆಯಷ್ಟು ಕಡಿಮೆಯಾಗಿ ಉಳಿಯುತ್ತೆ. ಹಣಕ್ಕೆ ಡೆಸಿಮಲ್ ಅಂತಲೇ ಬೇರೆ ಮಾಡ್ಯೂಲ್ ಇದೆ. ಅದನ್ನು ಮೊದಲೇ ಹೇಳಬೇಕಿತ್ತು. ಯಾವ ಭಾಷೆಯೂ ಎಲ್ಲ ತಪ್ಪನ್ನೂ ಹೇಳಲ್ಲ ಅನ್ನೋದು ಅವಳಿಗೆ ಅವತ್ತು ಗೊತ್ತಾಯಿತು, ಆದರೆ ಈ ಸಲ ಅವಳು ತನ್ನನ್ನು ಬೈದುಕೊಳ್ಳಲಿಲ್ಲ. "ಇದರಲ್ಲಿ ಏನೋ ಇದೆ" ಅಂತ ನನಗೆ ಮೆಸೇಜ್ ಹಾಕಿದಳು.

ತಮ್ಮನ ಚಾಟ್‌ಜಿಪಿಟಿಯನ್ನೂ ಬಿಡಲಿಲ್ಲ. ಮೊದಲ ಎರಡು ತಿಂಗಳು ಎರರಿನ ಅರ್ಥ ಕೇಳು, ಕೋಡ್ ಕೇಳಬೇಡ ಅಂದಿದ್ದೆ. ಆಗಸ್ಟಿನಲ್ಲಿ ಜಿಎಸ್‌ಟಿ ನಂಬರಿನ ಕೊನೇ ಅಕ್ಷರ ತಾಳೆ ನೋಡುವ ಭಾಗವನ್ನು ಅವಳೇ ಬರೆದಳು. ಮೊದಲ 14 ಅಕ್ಷರಕ್ಕೂ 0ರಿಂದ 35ರ ತನಕ ಒಂದೊಂದು ಬೆಲೆ, ಒಂದು ಬಿಟ್ಟು ಒಂದಕ್ಕೆ ಎರಡರಿಂದ ಗುಣಿಸಿ, 36ರಿಂದ ಭಾಗಿಸಿ ಭಾಗಲಬ್ಧ, ಶೇಷ ಎರಡನ್ನೂ ಕೂಡಿಸುತ್ತಾ ಹೋಗುವ ಲೆಕ್ಕ ಅದು. ಬರೆದ ಮೇಲೆ ಎಐ ಬರೆದದ್ದರ ಪಕ್ಕ ಇಟ್ಟು ಹೋಲಿಸಿದಳು. ಆ ಕ್ರಮ ಅವಳಿಗೆ ಒಗ್ಗಿತು.

ಆಯುಧ ಪೂಜೆಯ ದಿನ

ಅಂಗಡಿಯಲ್ಲಿ ಪೂಜೆ ಮುಗಿಸಿ, ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಲ್ಯಾಪ್‌ಟಾಪಿಗೂ ಕುಂಕುಮ ಬಿದ್ದಿತ್ತು. ಕೆಲಸ ಇನ್ನೂ ಬದಲಾಯಿಸಿಲ್ಲ. ಆ 65 ಸಾವಿರ ಬ್ಯಾಂಕಿನಲ್ಲೇ ಇದೆ. ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಶುರು ಮಾಡಿದ್ದಾಳೆ.

"ಚಿಕ್ಕಮ್ಮ, ಒಂದು ತೋರಿಸ್ಬೇಕು" ಅಂತ ಲ್ಯಾಪ್‌ಟಾಪ್ ತೆಗೆದಳು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆ ಹಳೇ ಸಂಖ್ಯೆ ಬರೆದಿಟ್ಟುಕೊಂಡಿದ್ದಳು. ಪೈಥಾನಿನಲ್ಲಿ ಎರಡರ ಹದಿನಾರನೇ ಘಾತ ಟೈಪ್ ಮಾಡಿದಳು, 65536 ಬಂತು. ಕೆಳಗೆ 40000ರಿಂದ ಅದನ್ನು ಕಳೆದಳು.

ಮೈನಸ್ 25536.

"ಟರ್ಬೊ ಸಿ++ನಲ್ಲಿ ಒಂದು ಇಂಟಿಗೆ, ಅಂದ್ರೆ ಒಂದು ಪೂರ್ಣಾಂಕಕ್ಕೆ, ಹದಿನಾರೇ ಬಿಟ್ ಜಾಗ. 32767 ದಾಟಿದ್ರೆ ಸುತ್ತು ಹಾಕಿ ಮೈನಸ್ ಕಡೆಯಿಂದ ಬರುತ್ತೆ. ನಮ್ಮ ಹಳೇ ಕರೆಂಟ್ ಮೀಟರ್ 9999 ಆದಮೇಲೆ ಸೊನ್ನೆಗೆ ಬರುತ್ತಲ್ಲ, ಹಾಗೆ. ನಾನು ತಪ್ಪು ಮಾಡಿರಲೇ ಇಲ್ಲ."

ಸ್ವಲ್ಪ ಹೊತ್ತು ಪರದೆ ನೋಡುತ್ತಾ ಕೂತಳು. ಆಮೇಲೆ ಕೇಳಿದಳು:

"ಈಗ ಸಿ ಶುರು ಮಾಡ್ಲಾ?"